ಒಟ್ಟು ಮಳೆ ಅಷ್ಟೇ ಇದ್ದರೆ ಮಳೆ ಬದಲಾಗಿಲ್ಲ ಅಂತಾನಾ?

ಪ್ರಶ್ನೆ: 50 ವರ್ಷದ ದಿನದಿನದ ಮಳೆ ಲೆಕ್ಕ ಕೂಡಿಸಿ ನೋಡಿದೆ. ವರ್ಷದ ಒಟ್ಟು ಮಳೆ ಹೆಚ್ಚುಕಡಿಮೆ ಅಷ್ಟೇ ಇದೆ. ಹಾಗಾದರೆ ಮಳೆ ಬದಲಾಗಿಲ್ಲ, ಅಲ್ವಾ?

ಉತ್ತರ: ಅಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನನಗೇ ನೆನಪಿಲ್ಲ. ಪ್ರಶ್ನೆ ಮಾತ್ರ ಬರುತ್ತಲೇ ಇದೆ. ದಿನದಿನದ ಲೆಕ್ಕ ಕೈಯಲ್ಲಿರುವುದು ಬಂಗಾರ. ದಯವಿಟ್ಟು ಅದನ್ನು ಕೂಡಿಸಿ ಹಾಳು ಮಾಡಬೇಡಿ.

ತಿಂಗಳಿಗೆ 100 ಮಿ.ಮೀ. ಮಳೆ ಅಂದುಕೊಳ್ಳಿ. 20 ದಿನ 5 ಮಿ.ಮೀ.ನಂತೆ ಬಂದರೂ 100. ಎರಡೇ ದಿನ 50ರಂತೆ ಸುರಿದರೂ 100. ಮೊದಲನೆಯದು ಮೆಲ್ಲಗೆ ಮಣ್ಣಿಗೆ ಇಳಿಯುತ್ತದೆ. ಎರಡನೆಯದರಲ್ಲಿ ಸಾಕಷ್ಟು ನೀರು ಹರಿದೇ ಹೋಗುತ್ತದೆ, ಉಳಿದ 28 ದಿನ ನೆಲ ಒಣಗುತ್ತದೆ. ಒಟ್ಟು ನೋಡಿದವರಿಗೆ ಎರಡೂ ಒಂದೇ!

ಇದು ಸುಮ್ನೆ ಕಾಗದದ ಲೆಕ್ಕವಲ್ಲ. ಹವಾಮಾನ ವಿಜ್ಞಾನಿ ಬಿ.ಎನ್. ಗೋಸ್ವಾಮಿ ಮತ್ತು ಸಂಗಡಿಗರು ಮಧ್ಯ ಭಾರತದ 1951ರಿಂದ 2000ದವರೆಗಿನ ದಿನದ ಮಳೆಯನ್ನು ಬಿಡಿಸಿ ನೋಡಿ, 2006ರಲ್ಲಿ ಪ್ರಕಟಿಸಿದರು. ಮುಂಗಾರಿನ ಸರಾಸರಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಆದರೆ ಒಳಗೆ ಭಾರಿ ಮಳೆ ಜಾಸ್ತಿಯಾಗಿತ್ತು, ಸಾಧಾರಣ ಮಳೆ ಕಡಿಮೆಯಾಗಿತ್ತು. ಒಂದರ ಏರಿಕೆ ಇನ್ನೊಂದರ ಇಳಿಕೆಯನ್ನು ಮುಚ್ಚಿಬಿಟ್ಟಿತ್ತು. ಗಾಳಿ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು ಎನ್ನುವುದನ್ನೂ ಇದರ ಪಕ್ಕಕ್ಕಿಟ್ಟು ಯೋಚಿಸಿ: ನೀರಾವಿ ಹೆಚ್ಚಿದ್ದರೆ, ಸುರಿಯುವಾಗ ಜೋರಾಗಿ ಸುರಿಯಬಹುದು.

ಬೇರೆ ಬೇರೆ ಪ್ರದೇಶಗಳನ್ನು ಸೇರಿಸಿ ಸರಾಸರಿ ತೆಗೆದರೂ ಇದೇ ಕಥೆ. ಹಾಗಾಗಿ ಪ್ರತಿ ಪ್ರದೇಶಕ್ಕೂ ಬೇರೆಯಾಗಿ ಎಣಿಸಿ: ಮಳೆ ದಿನಗಳೆಷ್ಟು, ವರ್ಷದಲ್ಲಿ ಒಂದೇ ದಿನ ಸುರಿದ ಅತಿ ಹೆಚ್ಚು ಮಳೆ ಎಷ್ಟು, ಸತತ ಒಣ ದಿನಗಳೆಷ್ಟು. ಆಮೇಲೆ ಮ್ಯಾನ್-ಕೆಂಡಾಲ್ ಪರೀಕ್ಷೆ ಮಾಡಿ. ವರ್ಷ ಕಳೆದಂತೆ ಅಂಕಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಹೇಳುವ ಸಂಖ್ಯಾಶಾಸ್ತ್ರದ ಪರೀಕ್ಷೆ ಅದು. ಒಂದು ವರ್ಷ ಇನ್ನೊಂದಕ್ಕಿಂತ ಹೆಚ್ಚೋ ಕಡಿಮೆಯೋ ಅಂತಷ್ಟೇ ಅದು ನೋಡುತ್ತದೆ, ಎಷ್ಟು ಹೆಚ್ಚು ಅಂತಲ್ಲ. ಹಾಗಾಗಿ ಒಂದು ವರ್ಷದ ಕುಂಭದ್ರೋಣ ಮಳೆ ಇಡೀ ಉತ್ತರವನ್ನು ತನ್ನ ಕಡೆಗೆ ಎಳೆದುಕೊಳ್ಳುವುದಿಲ್ಲ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. 'ಮಳೆ ದಿನ' ಅಂದರೆ ಯಾವುದು? ಭಾರತದ ಹವಾಮಾನ ಇಲಾಖೆಯ ಪ್ರಕಾರ ಕನಿಷ್ಠ 2.5 ಮಿ.ಮೀ. ಬೀಳಬೇಕು. ಅಂತರರಾಷ್ಟ್ರೀಯ ಹವಾಮಾನ ಸೂಚ್ಯಂಕಗಳಿಗೆ 1 ಮಿ.ಮೀ. ಸಾಕು. ಎರಡು ಕಡೆಯ ಅಂಕಿ ಹೋಲಿಸುವ ಮೊದಲು ಇದನ್ನು ನೋಡಿಕೊಳ್ಳಿ. 'ದಿನ' ಕೂಡ ಕ್ಯಾಲೆಂಡರಿನ ದಿನವಲ್ಲ. ಇಲಾಖೆ ಅಳೆಯುವುದು ಬೆಳಿಗ್ಗೆ 8:30ಕ್ಕೆ, ನಿನ್ನೆ ರಾತ್ರಿ ಸುರಿದದ್ದು ಇವತ್ತಿನ ಲೆಕ್ಕಕ್ಕೆ ಸೇರುತ್ತದೆ. ಇನ್ನು, ಯಾರೂ ಅಳೆಯದೆ ಖಾಲಿ ಬಿಟ್ಟ ಜಾಗಕ್ಕೆ ಸೊನ್ನೆ ತುಂಬಬೇಡಿ. ಅಳೆಯದೆ ಬಿಟ್ಟ ವಾರ ನಿಮ್ಮ ಲೆಕ್ಕದಲ್ಲಿ ಒಣ ವಾರವಾಗಿ ಕೂತುಬಿಡುತ್ತದೆ.