ನರ ಕಡಿದರೆ ಸ್ನಾಯುವಿನ ಮಯೋಸಿನ್ ಏಕೆ ಬದಲಾಗುತ್ತದೆ?

ಆಕ್ಟಿನ್ ತಂತುವನ್ನು ಮಯೋಸಿನ್ ಸೆಳೆದಾಗ ಸ್ನಾಯು ಸಂಕುಚಿಸುತ್ತದೆ ಎಂಬುದು ಪಿಯುಸಿಯ ಪಾಠ. ಅಲ್ಲಿ ಹೇಳದೆ ಬಿಟ್ಟ ಸಂಗತಿಯೆಂದರೆ, ಮಯೋಸಿನ್ ಒಂದೇ ಬಗೆಯದಲ್ಲ. ಅದರ ಭಾರಸರಪಳಿಗೆ (ಮಯೋಸಿನ್ ಅಣುವಿನ ದೊಡ್ಡ ಪ್ರೋಟೀನ್ ಎಳೆ, ಹೆವಿ ಚೈನ್) ಹಲವು ರೂಪಗಳಿವೆ, ಪ್ರತಿಯೊಂದಕ್ಕೂ ಬೇರೆಯೇ ಜೀನ್. ಸ್ನಾಯು ವೇಗವಾಗಿ ಸಂಕುಚಿಸುತ್ತದೋ ನಿಧಾನವಾಗಿಯೋ ಎಂಬುದರ ಮೇಲೆ ವಯಸ್ಕ ರೂಪಗಳಿಗೆ ವೇಗದ, ನಿಧಾನ ಎಂಬ ಹೆಸರು. ಮನುಷ್ಯರಲ್ಲಿ ಭ್ರೂಣ, ನವಜಾತ ಮತ್ತು ವೇಗದ ರೂಪಗಳ ಜೀನ್‌ಗಳು 17ನೇ ವರ್ಣತಂತುವಿನಲ್ಲಿ ಒಟ್ಟಿಗೆ ಕುಳಿತಿವೆ. ನಿಧಾನ ರೂಪದ್ದು 14ರಲ್ಲಿದೆ. ಹೃದಯದ ಕುಕ್ಷಿಗಳಲ್ಲಿ ಇರುವುದೂ ಅದೇ.

ಬೆಳವಣಿಗೆಯಲ್ಲಿ ಮೊದಲು ಭ್ರೂಣರೂಪ, ನಂತರ ನವಜಾತರೂಪ, ಕೊನೆಗೆ ವಯಸ್ಕರೂಪಗಳು. ಕಣ್ಣುಗುಡ್ಡೆಯ ಸ್ನಾಯುಗಳು ಮಾತ್ರ ಎಳೆಯ ರೂಪಗಳನ್ನು ಪೂರ್ತಿ ಬಿಡುವುದಿಲ್ಲ. ಇಲಿಯ ಚಿತ್ರ ನೋಡಿ ಓದುವವರು ಒಂದು ಎಚ್ಚರ ಇಟ್ಟುಕೊಳ್ಳಿ: ವೇಗದ ರೂಪಗಳಲ್ಲಿ ಒಂದಾದ 2ಬಿ ಇಲಿಯಲ್ಲಿ ಹೇರಳ, ನಮ್ಮ ಕೈಕಾಲುಗಳ ಸ್ನಾಯುಗಳಲ್ಲಿ ಆ ಪ್ರೋಟೀನ್ ತಯಾರಾಗುವುದಿಲ್ಲ. ನಮ್ಮಲ್ಲಿರುವುದು ನಿಧಾನ ರೂಪ ಮತ್ತು ವೇಗದ 2ಎ, 2ಎಕ್ಸ್ ರೂಪಗಳು.

ಸ್ನಾಯುವಿಗೆ ಪೆಟ್ಟಾದರೆ ಸ್ನಾಯುತಂತುವಿನ (ಉದ್ದನೆಯ ಸ್ನಾಯುಕೋಶದ) ಅಂಚಿನಲ್ಲಿ ಸುಮ್ಮನಿದ್ದ ಸ್ಯಾಟಲೈಟ್ ಕೋಶಗಳೆಂಬ ಕಾಂಡಕೋಶಗಳು (ಅಲೆಕ್ಸಾಂಡರ್ ಮೌರೋ ಅವುಗಳನ್ನು ವರ್ಣಿಸಿದ್ದು 1961ರಲ್ಲಿ) ಎಚ್ಚೆತ್ತು ವಿಭಜಿಸಿ ಹೊಸ ತಂತು ಕಟ್ಟುತ್ತವೆ. ಕೆಲವೇ ದಿನಗಳಲ್ಲಿ ಭ್ರೂಣದ ಮಯೋಸಿನ್ ಮತ್ತೆ ಕಾಣಿಸಿಕೊಳ್ಳುತ್ತದೆ. ಬಯಾಪ್ಸಿಯಲ್ಲಿ ಅದು ಕಂಡರೆ ಅಲ್ಲಿ ದುರಸ್ತಿ ನಡೆದಿದೆ ಎಂದು ರೋಗಶಾಸ್ತ್ರಜ್ಞರು ಗುರುತಿಸುವುದು ಇದರಿಂದಲೇ.

ಹಾಗಾದರೆ ದುರಸ್ತಿಯೆಂದರೆ ಬೆಳವಣಿಗೆಯ ಪುನರಾವರ್ತನೆಯೇ? ನಾನೂ ಬಹುಕಾಲ ಹಾಗೆಯೇ ನಂಬಿದ್ದೆ. ಅದು ಅರ್ಧ ಮಾತ್ರ ನಿಜ. ಭ್ರೂಣದ ಮೊದಲ ತಂತುಗಳಲ್ಲಿ ನಿಧಾನ ಮಯೋಸಿನ್ ನರದ ನೆರವಿಲ್ಲದೆಯೇ ಹುಟ್ಟುತ್ತದೆ. ಆದರೆ ಇಲಿಯ ಮೀನಖಂಡದಲ್ಲಿರುವ, ನಿಧಾನ ಮಯೋಸಿನ್ ಹೆಚ್ಚಿರುವ ಸೋಲಿಯಸ್ ಸ್ನಾಯುವಿಗೆ ಗಾಯ ಮಾಡಿ ನರವನ್ನೂ ಕಡಿದರೆ, ಹೊಸ ತಂತುಗಳು ಭ್ರೂಣರೂಪದಿಂದ ನವಜಾತಕ್ಕೆ, ಅಲ್ಲಿಂದ ವೇಗದ ರೂಪಕ್ಕೆ ತಾವಾಗಿಯೇ ಸಾಗುತ್ತವೆ. ನಿಧಾನ ರೂಪ ಮಾತ್ರ ನೆಲೆಯೂರುವುದಿಲ್ಲ. ಅದಕ್ಕೆ ನರದ ನಿರಂತರ, ಮಂದಗತಿಯ ಮಿಡಿತ ಬೇಕು. ನರದ ಈ ಹಿಡಿತದ ಸುಳಿವು 1960ರಲ್ಲೇ ಸಿಕ್ಕಿತ್ತು: ಶರೀರವಿಜ್ಞಾನಿಗಳಾದ ಬುಲ್ಲರ್ ಮತ್ತು ಜಾನ್ ಎಕಲ್ಸ್ ಅವರ ತಂಡ ಬೆಕ್ಕಿನಲ್ಲಿ ವೇಗದ ಸ್ನಾಯುವಿನ ನರವನ್ನು ನಿಧಾನ ಸ್ನಾಯುವಿಗೆ ಜೋಡಿಸಿದಾಗ ಆ ಸ್ನಾಯು ಚುರುಕಾಯಿತು, ಅದಲುಬದಲು ಮಾಡಿದಾಗ ವೇಗದ್ದು ನಿಧಾನವಾಯಿತು.

ಬೆಳೆದ ಸೋಲಿಯಸ್‌ನ ನರ ಕಡಿದರೂ ಇದೇ ತರ್ಕ. ತಂತುಗಳು ಸೊರಗುತ್ತವೆ, ನಿಧಾನ ಮಯೋಸಿನ್ ಇಳಿದು ವೇಗದ್ದು ಏರುತ್ತದೆ. ಜೊತೆಗೆ ನರದ ರಾಸಾಯನಿಕ ಸಂದೇಶವನ್ನು ಹಿಡಿಯುವ ಅಸಿಟೈಲ್‌ಕೋಲಿನ್ ಗ್ರಾಹಿಯೂ ಎಳೆತನಕ್ಕೆ ಮರಳುತ್ತದೆ: ವಯಸ್ಕರ ಎಪ್ಸಿಲಾನ್ ಘಟಕದ ಬದಲು ಭ್ರೂಣದ ಗಾಮಾ ಘಟಕವಿರುವ ಗ್ರಾಹಿಗಳು ನರ ಸ್ನಾಯುವನ್ನು ಸೇರುವ ನರಸಂಧಿಯನ್ನು ದಾಟಿ ಇಡೀ ಪೊರೆಗೆ ಹರಡುತ್ತವೆ. ನರ ಕಳೆದುಕೊಂಡ ರೋಗಿಗೆ ಅರಿವಳಿಕೆಯ ವೇಳೆ ಸಕ್ಸಮೆಥೋನಿಯಂ (ಈ ಗ್ರಾಹಿಗಳ ಮೇಲೆ ಕೆಲಸ ಮಾಡಿ ಸ್ನಾಯು ಸಡಿಲಿಸುವ ಔಷಧ) ಕೊಟ್ಟರೆ ಆ ಗ್ರಾಹಿಗಳೆಲ್ಲ ಒಮ್ಮೆಲೇ ತೆರೆದು ಪೊಟ್ಯಾಸಿಯಂ ರಕ್ತಕ್ಕೆ ನುಗ್ಗುತ್ತದೆ, ಹೃದಯ ನಿಲ್ಲಲೂಬಹುದು.