ಕಮಟು ಹಿಡಿಯುವುದು ಎಣ್ಣೆಯಷ್ಟೇ ಅಲ್ಲ

ಹುಚ್ಚೆಳ್ಳಿನ ಚಟ್ನಿಪುಡಿ ಡಬ್ಬದ ತಳದಲ್ಲೇ ಉಳಿದು ಕಮಟು ಹಿಡಿದರೆ ಮೂಗಿಗೆ ಬಡಿಯುವುದು ಹೆಕ್ಸನಾಲ್‌ನಂಥ ಆಲ್ಡಿಹೈಡುಗಳೆಂಬ ಘಾಟು ರಾಸಾಯನಿಕಗಳು. ಎಣ್ಣೆಯ ಲಿನೋಲಿಕ್ ಆಮ್ಲ ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ಮುರಿದಾಗ ಹುಟ್ಟುವಂಥವು. ನಮ್ಮ ಜೀವಕೋಶಗಳ ಪೊರೆಯಲ್ಲೂ ನಡೆಯುವುದು ಇದೇ ಕ್ರಿಯೆ. ಹೆಸರು ಮಾತ್ರ ದೊಡ್ಡದು: ಲಿಪಿಡ್ ಪೆರಾಕ್ಸಿಡೇಶನ್ (ಲಿಪಿಡ್ ಎಂದರೆ ಕೊಬ್ಬು).

ಲಿನೋಲಿಕ್ ಆಮ್ಲದ್ದು 18 ಇಂಗಾಲಗಳ ಸರಪಳಿ. 9 ಮತ್ತು 12ನೇ ಇಂಗಾಲಗಳಿಂದ ಒಂದೊಂದು ದ್ವಿಬಂಧ ಶುರುವಾಗುತ್ತದೆ. ನಡುವೆ ಸಿಕ್ಕಿಕೊಂಡ 11ನೆಯದರ ಜಲಜನಕದ ಹಿಡಿತ ಸಡಿಲ. ಕಬ್ಬಿಣದ ಅಯಾನು ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದಾಗ ಬರುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ (ಜೋಡಿಯಿಲ್ಲದ ಇಲೆಕ್ಟ್ರಾನ್ ಇರುವ ಚುರುಕು ಕಣ) ಆ ಜಲಜನಕವನ್ನು ಕಿತ್ತುಕೊಳ್ಳುತ್ತದೆ. ಸರಪಳಿಗೆ ಆಮ್ಲಜನಕ ಬಂದು ಅಂಟುತ್ತದೆ. ಹಾಗೆ ಹುಟ್ಟಿದ ಪೆರಾಕ್ಸಿಲ್ ರ‍್ಯಾಡಿಕಲ್ ಪಕ್ಕದ ಅಣುವಿನ ಜಲಜನಕಕ್ಕೆ ಕೈಹಾಕುತ್ತದೆ, ಅದು ಅದರ ಪಕ್ಕದ್ದಕ್ಕೆ. ಕಿಡಿ ಒಂದೇ ಆದರೂ ಕೆಡುವ ಅಣುಗಳು ಹಲವು. ಕೊಬ್ಬರಿ ಎಣ್ಣೆಯಲ್ಲಿ ಸುಮಾರು 90% ದ್ವಿಬಂಧವಿಲ್ಲದ ಸಂತೃಪ್ತ ಕೊಬ್ಬು, ಇಂಥ ಸಡಿಲ ಜಾಗ ತೀರಾ ಕಡಿಮೆ. ಮಿದುಳು ಮತ್ತು ಕಣ್ಣಿನ ಅಕ್ಷಿಪಟದಲ್ಲಿ ತುಂಬಿರುವ ಕೊಬ್ಬಿನ ಆಮ್ಲ ಡಿಎಚ್‌ಎಗೆ ದ್ವಿಬಂಧ ಆರು, ಸಡಿಲ ಜಾಗ ಐದು.

ರಕ್ತನಾಳದ ಗೋಡೆಯೊಳಗೆ ಕೊಲೆಸ್ಟ್ರಾಲ್ ಹೊರುವ ಎಲ್‌ಡಿಎಲ್ ಕಣ ಹೀಗೆ ಕೆಟ್ಟರೆ ರಕ್ಷಣಾ ಕೋಶಗಳಾದ ಮ್ಯಾಕ್ರೋಫೇಜ್‌ಗಳು ಅದನ್ನು ನುಂಗುತ್ತಲೇ ಹೋಗಿ ಕೊಬ್ಬು ತುಂಬಿದ ನೊರೆಕೋಶಗಳಾಗುತ್ತವೆ. ಹೃದಯಾಘಾತಕ್ಕೆ ದಾರಿಮಾಡುವ ಗಂಟು ಬೆಳೆಯುವುದು ಅಲ್ಲಿ. ಕಬ್ಬಿಣದ ನೆರವಿನಿಂದ ಪೊರೆ ಹೀಗೆ ಕೆಟ್ಟು ಕೋಶವೇ ಸಾಯುವುದಕ್ಕೆ 2012ರಲ್ಲಿ ಫೆರಾಪ್ಟೋಸಿಸ್ ಎಂದು ಹೆಸರಿಟ್ಟರು.

ಈ ಕ್ರಿಯೆಗಳ ಸರಪಳಿ ಕಡಿಯುವುದು ವಿಟಮಿನ್ ಇ. ತನ್ನ ಜಲಜನಕ ಕೊಟ್ಟು ತಾನೇ ಮಂದ ರ‍್ಯಾಡಿಕಲ್ ಆಗುತ್ತದೆ, ವಿಟಮಿನ್ ಸಿ ಅದನ್ನು ಮತ್ತೆ ಮೊದಲಿನಂತಾಗಿಸುತ್ತದೆ. ಇಷ್ಟು ಓದಿದವರು ಇಂಥ ಆಂಟಿಆಕ್ಸಿಡೆಂಟ್ (ಈ ಕ್ರಿಯೆ ತಡೆಯುವ) ಮಾತ್ರೆಗಾಗಿ ನೇರ ಮೆಡಿಕಲ್ ಶಾಪಿಗೆ ಓಡುತ್ತಾರೆ! ಆದರೆ ಫಿನ್‌ಲೆಂಡಿನಲ್ಲಿ ಧೂಮಪಾನಿ ಗಂಡಸರು 29,133 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ದಿನಕ್ಕೆ 20 ಮಿ.ಗ್ರಾಂ. ಬೀಟಾ ಕೆರೋಟಿನ್ ಎಂಬ ಇನ್ನೊಂದು ಆಂಟಿಆಕ್ಸಿಡೆಂಟ್ ನುಂಗಿದವರಿಗೆ ಶ್ವಾಸಕೋಶದ ಕ್ಯಾನ್ಸರ್ 18% ಹೆಚ್ಚು ಬಂತು (1994). ದಿನಕ್ಕೆ 400 ಐಯು (ಅಂತರರಾಷ್ಟ್ರೀಯ ಮಾನ) ವಿಟಮಿನ್ ಇ ಪಡೆದ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17% ಹೆಚ್ಚು ಎಂದು 2011ರಲ್ಲಿ ಸೆಲೆಕ್ಟ್ ಪ್ರಯೋಗ ತೋರಿಸಿತು. ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲುವುದೂ ಆಮ್ಲಜನಕದ ಚುರುಕು ರೂಪವಾದ ಸೂಪರ್‌ಆಕ್ಸೈಡಿನ ಬಲದಿಂದಲೇ, ಜೀವಕೋಶ ಸಂದೇಶ ಕಳಿಸಲು ಹೈಡ್ರೋಜನ್ ಪೆರಾಕ್ಸೈಡನ್ನು ಬಳಸುತ್ತದೆ. ಇವನ್ನೆಲ್ಲ ವೈರಿ ಎಂದು ಬಗೆದರೆ ಹೇಗೆ? ಕೊಬ್ಬು ಹೀರಿಕೊಳ್ಳಲಾಗದ ಕಾಯಿಲೆಯವರಿಗಾದರೆ ವಿಟಮಿನ್ ಇ ನಿಜಕ್ಕೂ ಔಷಧ. ಕೊರತೆಯಾದರೆ ನರಗಳೇ ಹಾಳಾಗುತ್ತವೆ.

‘ಆಕ್ಸಿಡೇಟಿವ್ ಸ್ಟ್ರೆಸ್ ಪರೀಕ್ಷೆ’ಯ ಜಾಹೀರಾತುಗಳದ್ದು ಇನ್ನೊಂದು ತಲೆನೋವು. ಮೈಯಲ್ಲಿ ಇಂಥ ಕೆಡುಕು ಎಷ್ಟಾಗಿದೆ ಎಂದು ಅಳೆದುಕೊಡುತ್ತೇವೆ ಎನ್ನುತ್ತವೆ. ಹಳೆಯ ವಿಧಾನದಲ್ಲಿ ಮಾದರಿಯನ್ನು ಥಯೋಬಾರ್ಬಿಟ್ಯೂರಿಕ್ ಆಮ್ಲದೊಂದಿಗೆ ಸುಮಾರು 95 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಮೂಡಿದ ಗುಲಾಬಿ ಬಣ್ಣವನ್ನು 532 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಅಳೆಯಬೇಕಾದದ್ದು ಕೊಬ್ಬು ಹೀಗೆ ಮುರಿದಾಗ ಹುಟ್ಟುವ ಮ್ಯಾಲಾಂಡಿಆಲ್ಡಿಹೈಡ್, ಆದರೆ ಸಕ್ಕರೆಯೂ ಅದೇ ಆಮ್ಲದೊಂದಿಗೆ ಬಣ್ಣ ಕೊಟ್ಟೀತು, ಕಾಯಿಸುವಾಗಲೇ ಹೊಸ ಪೆರಾಕ್ಸಿಡೇಶನ್ನೂ ಆದೀತು. ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಇದೇ ಕ್ರಿಯೆಯ ಇನ್ನೊಂದು ಉತ್ಪನ್ನವಾದ ಎಫ್2-ಐಸೊಪ್ರೋಸ್ಟೇನ್ ಅಳೆಯುವುದು ಹೆಚ್ಚು ನಂಬಿಕೆಯ ದಾರಿ, ಖರ್ಚೂ ಅಷ್ಟೇ ಹೆಚ್ಚು.