ತಲೆಪೆಟ್ಟು, ಹೆಲಿಕಾಪ್ಟರ್ ಮತ್ತು 90ರ ಗೆರೆ

ತಲೆಗೆ ಪೆಟ್ಟಾದವರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸುವಾಗ, ರೋಟರ್ ತಿರುಗತೊಡಗಿದ ಮೇಲೆ ಸ್ಟೆತಸ್ಕೋಪ್ ಕಿವಿಗಿಟ್ಟು ಪ್ರಯೋಜನವಿಲ್ಲ. ತೋಳಿಗೆ ಸುತ್ತಿದ ಬಿಪಿ ಪಟ್ಟಿ ನಾಡಿಯನ್ನು ಗುರುತಿಸುವುದೂ ಅದುರುವಿಕೆಯಿಂದಲೇ. ಹೆಲಿಕಾಪ್ಟರಿನ ನಡುಕ ಅದರಲ್ಲಿ ಬೆರೆತರೆ ಯಂತ್ರ ತಡವರಿಸಿ, ಗಾಳಿ ಬಿಟ್ಟು ಮತ್ತೆ ತುಂಬಿಕೊಳ್ಳುತ್ತದೆ. ಐದು ನಿಮಿಷಕ್ಕೊಮ್ಮೆ ಅಳೆಯುವಂತೆ ಇಟ್ಟಿದ್ದರೆ, ಒಂದು ಅಳತೆ ತಪ್ಪಿದರೂ ಹತ್ತು ನಿಮಿಷ ಏನೂ ತಿಳಿಯದು.

ಆ ಹತ್ತು ನಿಮಿಷ ಎಷ್ಟು ದುಬಾರಿ ಎಂಬ ಅಂದಾಜು ಸಿಕ್ಕಿದ್ದು 1993ರಲ್ಲಿ. ಅಮೆರಿಕದಲ್ಲಿ ತಲೆಗೆ ತೀವ್ರ ಪೆಟ್ಟಾದ 717 ಮಂದಿಯ ದಾಖಲೆಗಳನ್ನು ರ‍್ಯಾಂಡಲ್ ಚೆಸ್‌ನಟ್ ತಂಡ ಪರಿಶೀಲಿಸಿತು. ಮೇಲಿನ ಬಿಪಿ ಒಮ್ಮೆ 90ಕ್ಕಿಂತ ಕೆಳಗಿಳಿದಿದ್ದವರಲ್ಲಿ ಸಾವು ದುಪ್ಪಟ್ಟಿಗೂ ಹೆಚ್ಚು. ಕಾರಣ ಕೂಡಿ ಕಳೆಯುವ ಲೆಕ್ಕದಷ್ಟೇ ಸರಳ: ಸರಾಸರಿ ಬಿಪಿಯಲ್ಲಿ (ಕೆಳಗಿನ ಅಂಕಕ್ಕೆ ಮೇಲಿನ-ಕೆಳಗಿನ ಅಂತರದ ಮೂರನೇ ಒಂದು ಭಾಗ ಕೂಡಿದ್ದು) ಬುರುಡೆಯೊಳಗಿನ ಒತ್ತಡ ಕಳೆದು ಉಳಿದದ್ದೇ ಮೆದುಳಿಗೆ ರಕ್ತ ನೂಕುವ ಬಲ. ಅದು 60ರಿಂದ 70 ಇರಬೇಕು. ಊದಿಕೊಂಡ ಮೆದುಳಿನ ಒತ್ತಡ 25 ಎನ್ನಿ. 120/80 ಇದ್ದಾಗ 68 ಉಳಿಯುತ್ತದೆ. 90/60ಕ್ಕಿಳಿದರೆ ಬರೀ 45.

ಹಾಗಿದ್ದೂ, ಮೇಲಿನ ಬಿಪಿ ಇದಕ್ಕಿಂತ ಇಳಿಯಬಾರದು ಎಂಬ 90ರ ಗೆರೆ ಬಹುಕಾಲ ಅಲ್ಲಾಡಲಿಲ್ಲ. ತಲೆಪೆಟ್ಟಿನ ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಅಮೆರಿಕದ ಬ್ರೈನ್ ಟ್ರಾಮಾ ಫೌಂಡೇಷನ್ ತನ್ನ 2016ರ ಮಾರ್ಗಸೂಚಿಯಲ್ಲಿ 50ರಿಂದ 69 ವಯಸ್ಸಿನವರಿಗೆ 100, 15ರಿಂದ 49ರವರಿಗೂ 70 ದಾಟಿದವರಿಗೂ 110 ಎಂದು ಏರಿಸಿತು. ಮರುವರ್ಷ ಅರಿಜೋನಾದ 3,844 ರೋಗಿಗಳ ಅಧ್ಯಯನದಲ್ಲಿ 40ರಿಂದ 119ರವರೆಗೆ ಎಲ್ಲೂ ಗೆರೆಯೇ ಕಾಣಲಿಲ್ಲ. ಬಿಪಿ ಪ್ರತಿ 10 ಏರಿದಂತೆ ಸಾವಿನ ಸಂಭವ ಸುಮಾರು 19% ಇಳಿಯುತ್ತಾ ಹೋಯಿತು.

ಹಾರಾಟದಲ್ಲಿ ಬೀಳುವ ಬಿಪಿಗೆ ಎಷ್ಟೋ ಸಲ ಕಾರಣ, ಹತ್ತಿಸುವ ಮುನ್ನ ನೆಲದ ಮೇಲೆ ನಾವೇ ಮಾಡಿದ ಕೆಲಸ. ಉಸಿರಾಟದ ಟ್ಯೂಬ್ ಹಾಕಲು ಕೊಟ್ಟ ಅರಿವಳಿಕೆ ಔಷಧ ಪ್ರೊಪೊಫಾಲ್ ರಕ್ತನಾಳಗಳನ್ನು ಸಡಿಲಿಸುತ್ತದೆ. (ಬುರುಡೆಯ ಒತ್ತಡ ಏರಿಸುತ್ತದೆಂದು ಇನ್ನೊಂದು ಅರಿವಳಿಕೆ ಕೆಟಮಿನ್ ಅನ್ನು ದಶಕಗಳ ಕಾಲ ದೂರವಿಟ್ಟಿದ್ದರು, ಆ ಹೆದರಿಕೆ ಅತಿಯಾಯಿತು.) ಕೈಯಿಂದ ಹಿಂಡಿ ಉಸಿರು ಕೊಡುವ ಅಂಬು ಬ್ಯಾಗನ್ನು ಅವಸರದಲ್ಲಿ ಹಿಂಡಿದರೆ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ, ಇಂಗಾಲದ ಡೈಆಕ್ಸೈಡ್ ಇಳಿದು ಮೆದುಳಿನ ನಾಳಗಳೂ ಕುಗ್ಗುತ್ತವೆ. ಮೆದುಳಿನ ಊತ ಇಳಿಸಲು ಕೊಡುವ ಮ್ಯಾನಿಟಾಲ್ ಮೂತ್ರವಾಗಿ ನೀರು ಹೊರಹಾಕಿಸುತ್ತದೆ.

ಅಪಧಮನಿಯೊಳಗೇ ನಳಿಗೆ ಇಟ್ಟು ಅಳೆಯುವುದು ಹೆಚ್ಚು ನಂಬಿಕಸ್ತ. ಆದರೆ ತಲೆಯನ್ನು 30 ಡಿಗ್ರಿ ಎತ್ತಿದಾಗ ಆ ನಳಿಗೆಯ ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ಕಿವಿಯ ತೂತಿನ ಮಟ್ಟದಲ್ಲಿರಬೇಕು. 13 ಸೆಂಟಿಮೀಟರ್ ಕೆಳಗೆ ಉಳಿದರೆ ಮೆದುಳಿಗೆ ಇಲ್ಲದ 10 ಅಂಕ ಪರದೆಯ ಮೇಲೆ ಕಾಣುತ್ತದೆ.

ಇನ್ನು ಬಿದ್ದ ಬಿಪಿ ಏರಿಸಲು ಹಾಕುವ ಡ್ರಿಪ್. 2004ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ 7.5% ಉಪ್ಪಿನ ದ್ರಾವಣ 250 ಮಿಲಿ ಕೊಟ್ಟರೂ ಆರು ತಿಂಗಳ ನಂತರ ಫಲಿತಾಂಶ ಬದಲಾಗಲಿಲ್ಲ. ಅಮೆರಿಕದ ಏರ್ ಆಂಬುಲೆನ್ಸ್‌ಗಳಲ್ಲಿ ರಕ್ತಸ್ರಾವದ ಆಘಾತದಲ್ಲಿದ್ದ 501 ಗಾಯಾಳುಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡು ಚೀಲ ಪ್ಲಾಸ್ಮಾ ಪಡೆದವರಲ್ಲಿ 30 ದಿನಗಳ ಸಾವು 33%ರಿಂದ 23%ಕ್ಕೆ ಇಳಿದಿತ್ತು. ವಯಸ್ಕರಲ್ಲಿ ಬುರುಡೆಯೊಳಗಿನ ರಕ್ತಸ್ರಾವವೊಂದೇ ಬಿಪಿ ಬೀಳಿಸುವುದು ಅಪರೂಪ. ಹಾಗಾಗಿ ಚೀಲ ನೇತುಹಾಕುತ್ತಲೇ, ರಕ್ತ ಬೇರೆಲ್ಲಾದರೂ ಸೋರುತ್ತಿದೆಯೇ ಎಂದು ಹೊಟ್ಟೆ, ಸೊಂಟದ ಮೂಳೆ, ತೊಡೆ ತಡವಿ ನೋಡಬೇಕು.